ಅರಹಂತ – ಅರಿಹಂತ: ಒಂದು ಜಯವಾಚಕದ ಇತಿಹಾಸ

ಜೈನವಾಙ್ಮಯದಲ್ಲಿ ಗೆಲವನ್ನು ಸೂಚಿಸುವ ಶಬ್ದಗಳಿಗೆ ಕೊರತೆಯಿಲ್ಲ. 'ಜಿ' ಧಾತುವಿನಿಂದ ನಿಷ್ಪನ್ನವಾದ 'ಜಿನ' ಶಬ್ದವೇ ಧರ್ಮಕ್ಕೆ ಹೆಸರನ್ನಿತ್ತಿದೆ. ದ್ವಿತೀಯ ತೀರ್ಥಂಕರನು ಅಜಿತ, ಎಂದರೆ ಪರರಿಂದ ಗೆಲ್ಲಲ್ಪಡದವನು. ಜಿತೇಂದ್ರಿಯ, ಜಿತಮೋಹ, ದಾಂತ ಮೊದಲಾದ ಪದಗಳೂ ಇದೇ ಬಳಗದವು. ಇವುಗಳ ವ್ಯುತ್ಪತ್ತಿಯ ವಿಷಯದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಆದರೆ ಪಂಚನಮಸ್ಕಾರದ ಮೊದಲಿಗೇ ಬರುವ ಪದವೊಂದು ಮೂಲತಃ ಜಯವಾಚಕವಾಗಿರದೆ ಕಾಲಕ್ರಮದಲ್ಲಿ ಹಾಗಾಯಿತೆಂಬುದು ವಿಚಾರಾರ್ಹವಾದ ಸಂಗತಿ. ಅದೇ 'ಅರಹಂತ' ಅಥವಾ 'ಅರಿಹಂತ'.

ಸಂಸ್ಕೃತದ 'ಅರ್ಹತ್' ಶಬ್ದಕ್ಕೆ ಪೂಜ್ಯ, ಯೋಗ್ಯ ಎಂದಷ್ಟೇ ಅರ್ಥ. ಅದರಲ್ಲಿರುವ ರೇಫ-ಹಕಾರಗಳ ಸಂಯೋಗವನ್ನು ಪ್ರಾಕೃತವು ಸಹಿಸದು; ನಡುವೆ ಒಂದು ಸ್ವರವನ್ನು ತಂದು ಬಿಡಿಸಿಕೊಳ್ಳುತ್ತದೆ. ಆ ಸ್ವರವು ಅಕಾರವಾದರೆ ಅರಹ, ಇಕಾರವಾದರೆ ಅರಿಹ, ಉಕಾರವಾದರೆ ಅರುಹ. 12ನೆಯ ಶತಮಾನದ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ ಮೂರನ್ನೂ ಸಾಧುರೂಪಗಳೆಂದೇ ಸ್ವೀಕರಿಸಿದ್ದಾನೆ. ಕನ್ನಡದ 'ಅರುಹ', ತಮಿಳಿನ 'ಅರುಗನ್' ಎಂಬವು ಉಕಾರದ ರೂಪಕ್ಕೆ ಸಲ್ಲತಕ್ಕವು. ಹೀಗಿರುವಾಗ 'ಅರಿಹಂತ' ರೂಪವನ್ನು ಅಪಪಾಠವೆನ್ನುವುದು ಸರಿಯಲ್ಲ. ಅದರೊಳಗಿನ 'ಅರಿ'ಯನ್ನು ಕಂಡು ಶಬ್ದವೇ ಶತ್ರುವಾಚಕದಿಂದ ಹುಟ್ಟಿತೆಂದು ಸಾಧಿಸುವುದೂ ಅಷ್ಟೇ ದುರ್ಬಲ.

ಶಾಸನಗಳ ಸಾಕ್ಷ್ಯ ಸ್ಪಷ್ಟವಾಗಿದೆ. ಒಡಿಶಾದ ಉದಯಗಿರಿಯಲ್ಲಿರುವ ಹಾಥೀಗುಂಫಾ ಶಾಸನವು ಕಳಿಂಗದ ಖಾರವೇಲನ ದಿಗ್ವಿಜಯಗಳನ್ನು ವರ್ಷಾನುಕ್ರಮವಾಗಿ ಹೇಳುತ್ತದೆ. ಮಗಧದಿಂದ ಕಳಿಂಗಜಿನಪ್ರತಿಮೆಯನ್ನು ಮರಳಿ ತಂದುದೂ ಅದರಲ್ಲಿ ಸೇರಿದೆ. ಅಂಥ ಜಯಪ್ರಶಸ್ತಿಯ ಆದಿಯ ನಮಸ್ಕಾರದಲ್ಲಿಯೂ ಇರುವುದು ಅಕಾರಯುಕ್ತ ರೂಪವೇ. ಮಥುರೆಯ ಆಯಾಗಪಟಗಳಲ್ಲಿಯೂ ಅದೇ ರೂಪ ಕಾಣುತ್ತದೆ. ಶತ್ರುಸಂಹಾರವನ್ನು ಕೊಂಡಾಡಲು ಹೊರಟ ಪ್ರಶಸ್ತಿಕಾರನಿಗೂ ತನ್ನ ಇಷ್ಟದೈವದ ಹೆಸರಿನಲ್ಲಿ ಶತ್ರು ತೋರಲಿಲ್ಲ.

ಅರ್ಥಾಂತರವನ್ನು ತಂದವರು ನಿರುಕ್ತಿಕಾರರು. ಮೂಲಾಚಾರದಲ್ಲಿ ನಮಸ್ಕಾರಕ್ಕೆ ಅರ್ಹರೆಂಬ ಅರ್ಥದೊಡನೆ ರಜಸ್ಸನ್ನೂ ಅರಿಯನ್ನೂ ಕೊಂದವರೆಂಬ ಅರ್ಥವೂ ಇದೆ. ಆವಶ್ಯಕನಿರ್ಯುಕ್ತಿಯು ಇಂದ್ರಿಯ, ವಿಷಯ, ಕಷಾಯ, ಪರೀಷಹಾದಿಗಳನ್ನೇ ಅರಿಗಳೆಂದು ಎಣಿಸುತ್ತದೆ. ಭಗವತೀಸೂತ್ರಕ್ಕೆ ವೃತ್ತಿ ಬರೆದ ಅಭಯದೇವಸೂರಿಯು ಮೂರು ಪಾಠಗಳಿಗೂ ಬೇರೆ ಬೇರೆ ಅರ್ಥ ಹೇಳಿ, ಅರುಹಂತನೆಂದರೆ ಕರ್ಮಬೀಜವು ದಗ್ಧವಾದುದರಿಂದ ಮತ್ತೆ ಮೊಳೆಯದವನು ಎಂದಿದ್ದಾನೆ. ಪಾಲಿಯಲ್ಲಿ ಬುದ್ಧಘೋಷನೂ 'ಅರಹಂತ'ಕ್ಕೆ ಅರಿಹನನದ ಅರ್ಥವನ್ನು ಕೊಡುತ್ತಾನೆ. ಅಲ್ಲಿ ಇಕಾರದ ನೆರವೂ ಇಲ್ಲ! ಈ ನಿರುಕ್ತಿಯು ಒಂದು ಸಂಪ್ರದಾಯದ ಸ್ವತ್ತಲ್ಲವೆಂದು ಇದರಿಂದ ತಿಳಿಯುತ್ತದೆ.

ಇವರೆಲ್ಲರಿಗಿಂತ ಆಳಕ್ಕೆ ಇಳಿದವನು ಧವಲಾಕಾರ ವೀರಸೇನಾಚಾರ್ಯ. ಅವನ ದೃಷ್ಟಿಯಲ್ಲಿ ಅರಿಯೆಂದರೆ ಮೋಹ. ಹಾಗಾದರೆ ಉಳಿದ ಕರ್ಮಗಳ ವ್ಯಾಪಾರ ವ್ಯರ್ಥವಾಗದೇ ಎಂಬ ಶಂಕೆಯನ್ನು ಅವನೇ ಎತ್ತುತ್ತಾನೆ. ಅವೆಲ್ಲ ಮೋಹತಂತ್ರವಾಗಿವೆ, ಮೋಹವಿಲ್ಲದೆ ಸ್ವಕಾರ್ಯದಲ್ಲಿ ತೊಡಗವು, ಆದುದರಿಂದ ಅವಕ್ಕೆ ಸ್ವಾತಂತ್ರ್ಯವಿಲ್ಲ ಎಂಬುದು ಸಮಾಧಾನ. ಮೋಹವು ನಾಶವಾದ ಮೇಲೆಯೂ ಕೆಲವು ಕಾಲ ಶೇಷಕರ್ಮಗಳು ಇರುತ್ತವಲ್ಲ ಎಂದರೆ, ಜನ್ಮಮರಣಪರಂಪರೆಯನ್ನು ಉಂಟುಮಾಡುವ ಸಾಮರ್ಥ್ಯ ಅವುಗಳಲ್ಲಿ ಉಳಿಯದ ಕಾರಣ ಅವುಗಳ ಇರವು ಇಲ್ಲದುದಕ್ಕೆ ಸಮಾನ. ಅನಂತರ ಜ್ಞಾನದರ್ಶನಾವರಣಗಳನ್ನು ರಜಸ್ಸೆಂದೂ ಅಂತರಾಯವನ್ನು ರಹಸ್ಯವೆಂದೂ ವಿವರಿಸಿ, ಒಂದೇ ಪದದಲ್ಲಿ ಘಾತಿಕರ್ಮಚತುಷ್ಟಯದ ನಾಶವನ್ನು ತೋರಿಸುತ್ತಾನೆ. ಪೂಜಾರ್ಹನೆಂಬ ಮೂಲಾರ್ಥವನ್ನೂ ಬಿಟ್ಟಿಲ್ಲ. ಅದಕ್ಕೆ ಕೊನೆಯ ಸ್ಥಾನ ದೊರೆತಿದೆ. ತಂತ್ರ, ಸ್ವಾತಂತ್ರ್ಯ, ಸಾಮರ್ಥ್ಯ ಎಂಬ ಈ ಪರಿಭಾಷೆ ರಾಜನೀತಿಗೂ ಸಲ್ಲುವಂಥದು. ಪ್ರಭುವು ಬಿದ್ದ ಬಳಿಕ ಪಡೆಯ ಎಣಿಕೆಗೆ ಅರ್ಥವಿಲ್ಲ.

ಅಹಿಂಸೆಯನ್ನು ಪರಮಧರ್ಮವೆಂದ ಆಚಾರ್ಯರು ಗೆಲ್ಲುವ ಶಬ್ದಕ್ಕೆ ತೃಪ್ತರಾಗದೆ ಕೊಲ್ಲುವ ಶಬ್ದವನ್ನೇಕೆ ಆರಿಸಿಕೊಂಡರು? ಸಿದ್ಧಾಂತದಲ್ಲಿಯೇ ಇದಕ್ಕೆ ಕಾರಣವಿರುವಂತೆ ತೋರುತ್ತದೆ. ಮೋಹವನ್ನು ಅಡಗಿಸುವುದು ಉಪಶಮ, ಬೇರುಸಹಿತ ಕಳೆಯುವುದು ಕ್ಷಯ. ಹನ್ನೊಂದನೆಯ ಗುಣಸ್ಥಾನವಾದ ಉಪಶಾಂತಮೋಹವನ್ನು ಏರಿದವನು ಅಂತರ್ಮುಹೂರ್ತದೊಳಗೆ ಅಲ್ಲಿಂದ ಜಾರಲೇಬೇಕು, ಕ್ಷೀಣಮೋಹನಿಗೆ ಜಾರುವಿಕೆಯಿಲ್ಲ. ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಜಿತಮೋಹನನ್ನೂ ಕ್ಷೀಣಮೋಹನನ್ನೂ ಬೇರೆಬೇರೆಯಾಗಿ ನಿರೂಪಿಸಿದ್ದಾರೆ. ವಶವಾದ ಶತ್ರು ಮತ್ತೆ ತಿರುಗಿ ಬೀಳಬಲ್ಲನು. ಆದ್ದರಿಂದ 'ಜಿತ'ಕ್ಕಿಂತ 'ಹತ'ವೇ ಕೇವಲಿಗೆ ಒಪ್ಪುವ ಮಾತು. ಇಕಾರವೊಂದು ಆಕಸ್ಮಿಕವಾಗಿ ಒದಗಿಸಿದ ಅವಕಾಶವನ್ನು ಸಿದ್ಧಾಂತವು ಸಾರ್ಥಕಗೊಳಿಸಿತು.

ಕರ್ನಾಟಕದಲ್ಲಿ ಈ ಅರ್ಥ ಬೇರೂರಲು ಬಿರುದುಗಳ ಪರಿಸರವೂ ನೆರವಾಗಿರಬಹುದು. ಗಂಗರ ಇಮ್ಮಡಿ ಮಾರಸಿಂಹನು ನೊಳಂಬಕುಲಾಂತಕ. ಅವನ ಮಂತ್ರಿಯಾಗಿದ್ದ ಚಾವುಂಡರಾಯನು ವೈರಿಕುಲಕಾಲದಂಡ. 'ಅರಿಹಂತ'ವನ್ನು ಕೇಳುವ ಕಿವಿಗೆ ಅದೂ ಇಂಥದೇ ಸಮಾಸವೆನಿಸಿದರೆ ಆಶ್ಚರ್ಯವಿಲ್ಲ. ಶ್ರವಣಬೆಳ್ಗೊಳದ ಕೂಗೆ ಬ್ರಹ್ಮದೇವಸ್ತಂಭದ ಶಾಸನವು ಮಾರಸಿಂಹನ ಲೌಕಿಕ ಜಯಗಳನ್ನೆಲ್ಲ ಹೇಳಿ, ಅವನು ರಾಜ್ಯವನ್ನು ತ್ಯಜಿಸಿ 974ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದುದನ್ನು ಕೊನೆಗೆ ಹೇಳುತ್ತದೆ.

ಇನ್ನು ಸಂಪಾದನೆಯ ಪ್ರಶ್ನೆ. ಧವಲೆಯ ಪ್ರಾಚೀನ ಪ್ರತಿಗಳು ಮೂಡಬಿದಿರೆಯ ಹಳಗನ್ನಡ ಲಿಪಿಯ ತಾಡವಾಲೆಗಳಲ್ಲಿ ಉಳಿದು ಬಂದವು. 1939ರಲ್ಲಿ ಹೀರಾಲಾಲ ಜೈನ್ ಅವರ ಸಂಪಾದಕತ್ವದಲ್ಲಿ ಹೊರಬಂದ ಪ್ರಥಮ ಸಂಪುಟವು ನೇರವಾಗಿ ಓಲೆಗಳಿಂದಲ್ಲದೆ ಪ್ರತಿಗಳ ಪ್ರತಿಗಳಿಂದ ಸಿದ್ಧವಾದುದು. ಕನ್ನಡ ಲಿಪಿಯಲ್ಲಿ 'ರ'ಕಾರಕ್ಕೂ 'ರಿ'ಕಾರಕ್ಕೂ ಇರುವ ಭೇದ ತಲೆಕಟ್ಟಿನ ಎಡೆಯಲ್ಲಿ ಬರುವ ಒಂದು ಗುಡಿಸು ಮಾತ್ರ. ಮಸಿ ಮಾಸಿದ ಓಲೆಯಲ್ಲಿ ಪೂಜ್ಯತೆಗೂ ಶತ್ರುಸಂಹಾರಕ್ಕೂ ಇರುವ ಅಂತರ ಇಷ್ಟೇ. ಬಾಯಿಪಾಠವಾಗಿರುವ ಪದವಾದುದರಿಂದ ಲಿಪಿಕಾರನು ಕಂಡುದನ್ನಲ್ಲದೆ ತಾನು ಜಪಿಸುವುದನ್ನೇ ಬರೆಯುವ ಸಂಭವ ಹೆಚ್ಚು. ಸಂಪಾದಕನೂ ಇದಕ್ಕೆ ಹೊರತಲ್ಲ. ವೀರಸೇನನ ವ್ಯಾಖ್ಯಾನವಿರುವೆಡೆ ಇಕಾರವು ಅರ್ಥಬಲದಿಂದಲೇ ಸ್ಥಿರ. ವ್ಯಾಖ್ಯಾನದ ಆಸರೆಯಿಲ್ಲದ ನಾಂದಿಗಳಲ್ಲಿಯೂ ಪುಷ್ಪಿಕೆಗಳಲ್ಲಿಯೂ ಏಕರೂಪತೆಯ ಆಸೆಯಿಂದ ತಿದ್ದದೆ, ಓಲೆಯಲ್ಲಿ ಗುಡಿಸು ಇದ್ದರೆ ಇದ್ದಂತೆ, ಇಲ್ಲದಿದ್ದರೆ ಇಲ್ಲದಂತೆ, ಅಸ್ಪಷ್ಟವಾಗಿದ್ದರೆ ಅಸ್ಪಷ್ಟವೆಂದೇ ಅಡಿಟಿಪ್ಪಣಿಯಲ್ಲಿ ಗುರುತಿಸುವುದು ಯುಕ್ತ.