ಸಪ್ಪಳ ಕೇಳಿದರೆ ಬೆರಳೆತ್ತಿ

ಬೆಳಗಾವಿ ಜಿಲ್ಲೆಯ ಜಾಂಬೋಟಿಯಲ್ಲಿ ಕಿವಿ ತಪಾಸಣೆಯ ಶಿಬಿರವನ್ನು ನಾನು ಮಳೆಗಾಲದಲ್ಲಿ ಇಟ್ಟುಕೊಳ್ಳುವುದಿಲ್ಲ. ತಗಡಿನ ಮೇಲೆ ಮಳೆ ಹೊಯ್ಯತೊಡಗಿದರೆ ಹೆಡ್‌ಫೋನಿನ ಸಣ್ಣ ಸದ್ದು ಮುಳುಗಿಹೋಗಿ, ಚೆನ್ನಾಗಿರುವ ಕಿವಿಯೂ ಮಂದವೆಂದು ದಾಖಲಾಗುತ್ತದೆ. ಬೇಸಿಗೆಯ ಬೆಳಗು ಒಳ್ಳೆಯದು. “ಎಷ್ಟ ಸಣ್ಣ ಸಪ್ಪಳ ಕೇಳಿದ್ರೂ ಬೆರಳ ಎತ್ರಿ ಕಾಕಾ” ಎಂದು ಶುರು ಮಾಡುತ್ತೇನೆ. ಕೇಳಿಸಿದರೆ 10 ಡೆಸಿಬೆಲ್ ಇಳಿಸಬೇಕು, ಕೇಳಿಸದಿದ್ದರೆ 5 ಏರಿಸಬೇಕು. ಹೀಗೆ ಏರಿಸುವಾಗ ಅರ್ಧದಷ್ಟು ಸಲವಾದರೂ ಬೆರಳೆದ್ದ ಅತಿ ಕಡಿಮೆ ಮಟ್ಟವೇ ಆ ಕಿವಿಯ ಮಿತಿ. ಶ್ರವಣತಜ್ಞರಾದ ಕಾರ್ಹಾರ್ಟ್ ಮತ್ತು ಜರ್ಗರ್ 1959ರಲ್ಲಿ ನೆಲೆಗೊಳಿಸಿದ ಕ್ರಮವಿದು.

ಇದರ ಬೇರು ಇರುವುದು ಜರ್ಮನಿಯ ಲೈಪ್ಸಿಗ್‌ನಲ್ಲಿ. ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗುಸ್ತಾವ್ ಫೆಕ್ನರ್ ಕಣ್ಣು ಕೆಟ್ಟು ಬಹುಕಾಲ ಕತ್ತಲ ಕೋಣೆಯಲ್ಲಿ ಕಳೆದವರು. ಹೊರಗಿನ ಸದ್ದು, ಬೆಳಕು, ಭಾರಗಳು ಎಷ್ಟಾದಾಗ ಮನಸ್ಸಿಗೆ ತಾಕುತ್ತವೆ ಎಂದು ಅಳೆಯುವ ವಿಧಾನಗಳನ್ನು ಅವರು 1860ರ ಗ್ರಂಥದಲ್ಲಿ ಕೊಟ್ಟರು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ಅತಿ ಕೀರಲಿನ ಸಿಳ್ಳೆಯೊಂದನ್ನು ಮಾಡಿ, ಊರುಗೋಲಿಗೆ ಸಿಕ್ಕಿಸಿಕೊಂಡು, ಮೃಗಾಲಯದ ಪ್ರಾಣಿಗಳ ಹತ್ತಿರ ಊದಿ ನೋಡಿದರು. ವಯಸ್ಸಾದಂತೆ ಮನುಷ್ಯರಿಗೆ ಕೀರಲು ಸದ್ದು ಮೊದಲು ತಪ್ಪುತ್ತದೆ ಎಂಬುದನ್ನೂ ಗುರುತಿಸಿದರು. ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆಯಿದೆ: ಜಾಂಬೋಟಿ, ತಳೇವಾಡಿಗಳ ನಡುವಿನ ಭೀಮಗಡ ಕಾಡಿನಲ್ಲಿ ಬಾರಾಪೆಡೆ ಗುಹೆಗಳಿವೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೆಸರಿಟ್ಟ ರಾಟನ್ ಬಾವಲಿಯ ಮನೆ ಅದು. ಬಾವಲಿಗಳ ಲೆಕ್ಕದಲ್ಲಿ ಅದರ ಕೂಗು ತಗ್ಗು, ಎಳೆಯ ಕಿವಿಗೆ ಎಟುಕುವಂಥದು. ನನ್ನ ಮುಂದೆ ಕೂರುವ ಅಜ್ಜ ಅಜ್ಜಿಯರಿಗೆ ಆ ಕೂಗು ಎಂದೋ ನಿಂತಿರುತ್ತದೆ.

ಕನ್ನಡ ನಾಡಿಗೆ ಈ ವಿದ್ಯೆ ಬಂದದ್ದು ಮೈಸೂರಿನ ದಾರಿಯಲ್ಲಿ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. 1965ರಲ್ಲಿ ಅದೇ ಊರಿನಲ್ಲಿ ವಾಕ್ ಶ್ರವಣ ಸಂಸ್ಥೆ ಹುಟ್ಟಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಮನಶ್ಶಾಸ್ತ್ರಜ್ಞರಾದ ಗ್ರೀನ್ ಮತ್ತು ಸ್ವೆಟ್ಸ್ 1966ರ ಪುಸ್ತಕದಲ್ಲಿ ಬಿಡಿಸಿಟ್ಟ ಮಾತು: ಕೇಳಿಸುವುದು ಬೇರೆ, ಕೇಳಿಸಿತೆನ್ನುವ ಧೈರ್ಯ ಬೇರೆ. ಇಲ್ಲಿಯ ಹಿರಿಯರಲ್ಲಿ ಕೆಲವರು ನನ್ನ ಮನಸ್ಸು ನೋಯಬಾರದೆಂದು ಸದ್ದಿಲ್ಲದಿದ್ದರೂ ಬೆರಳೆತ್ತುತ್ತಾರೆ. ಹೆಂಗಸರಲ್ಲಿ ಹಲವರು ಪೂರ್ತಿ ಖಾತ್ರಿಯಾಗುವ ತನಕ ಕೈ ಅಲುಗಿಸುವುದಿಲ್ಲ. ಯಂತ್ರಕ್ಕೆ ಇವೆರಡೂ ಗೊತ್ತಾಗವು. ಅದಕ್ಕೇ ನಡುನಡುವೆ ಏನೂ ನುಡಿಸದೆ ಸುಮ್ಮನಿದ್ದು ಅವರ ಬೆರಳು ನೋಡುತ್ತೇನೆ. ಸಂಶಯ ಬಂದರೆ ಹೆಡ್‌ಫೋನ್ ತೆಗೆಸಿ, ಇನ್ನೊಮ್ಮೆ ತಿಳಿಸಿ ಹೇಳಿ, ಮೊದಲಿನಿಂದ ಅಳೆಯುತ್ತೇನೆ.