ಡಯಾಲಿಸಿಸ್ ರೋಗಿಯ ಹೃದಯ: ರಕ್ತ ಹೇಳುವ ಸುದ್ದಿ

1960ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಡಾ. ಬೆಲ್ಡಿಂಗ್ ಸ್ಕ್ರಿಬ್ನರ್ ಅವರ ತಂಡದವರು ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಮಿಕನ ತೋಳಿಗೆ ಟೆಫ್ಲಾನ್ ನಳಿಕೆಯೊಂದನ್ನು ಕೂಡಿಸಿದರು. ಅದಕ್ಕೆ ಮೊದಲು ಡಯಾಲಿಸಿಸ್ ಇರಲಿಲ್ಲವೆಂದಲ್ಲ. ಹಾಲೆಂಡಿನ ಕಾಂಪೆನ್ ಊರಿನಲ್ಲಿ ಡಾ. ವಿಲ್ಲೆಮ್ ಕೋಲ್ಫ್ ಅವರು ಯುದ್ಧದ ನಡುವೆಯೇ, 1943ರಲ್ಲಿ, ಮರದ ಪಟ್ಟಿಗಳ ಉರುಳೆಗೆ ಸೆಲೊಫೇನ್ ಕೊಳವೆ ಸುತ್ತಿ ರೋಗಿಯ ರಕ್ತವನ್ನು ಶುದ್ಧಿಮಾಡಿದ್ದರು. ಆದರೆ ಪ್ರತಿ ಸಲವೂ ರಕ್ತನಾಳಕ್ಕೆ ಹೊಸದಾಗಿ ಕತ್ತರಿ ಹಾಕಬೇಕಾಗಿದ್ದುದರಿಂದ ಅದನ್ನು ಬಹುಕಾಲ ಮುಂದುವರಿಸುವಂತಿರಲಿಲ್ಲ. ಸ್ಕ್ರಿಬ್ನರ್ ಅವರ ನಳಿಕೆ ಆ ತೊಡಕನ್ನು ಬಿಡಿಸಿತು. ಸಾವಿನ ಬಾಗಿಲಲ್ಲಿದ್ದ ಶೀಲ್ಡ್ಸ್ ಮುಂದೆ ಸುಮಾರು ಹನ್ನೊಂದು ವರ್ಷ ಬದುಕಿದ. ಕೊನೆಗೆ ಅವನನ್ನು ಕೊಂಡೊಯ್ದದ್ದು ಹೃದಯಾಘಾತ.

ಇದು ಒಬ್ಬನ ಹಣೆಬರಹವಾಗಿರಲಿಲ್ಲ. 1974ರಲ್ಲಿ ಸಿಯಾಟಲ್‌ನ ವೈದ್ಯರು 39 ಮಂದಿ ರೋಗಿಗಳ ದಾಖಲೆ ಪರಿಶೀಲಿಸಿ, ಇವರ ರಕ್ತನಾಳಗಳು ಬಹು ಬೇಗ ಪೆಡಸಾಗುತ್ತವೆಂದು ಪ್ರಕಟಿಸಿದರು. ಹಾಗಾದರೆ ಯಾರಿಗೆ ಅಪಾಯ ಹತ್ತಿರವಿದೆಯೆಂದು ಮೊದಲೇ ತಿಳಿಯುವುದು ಹೇಗೆ?

ನಮಗೆಲ್ಲ ಪರಿಚಿತವಾದ ಕೊಲೆಸ್ಟರಾಲ್ ಇಲ್ಲಿ ಕೈಕೊಟ್ಟಿತು. ಡಯಾಲಿಸಿಸ್ ರೋಗಿಯ ಕೊಲೆಸ್ಟರಾಲ್ ಬಹಳ ಕಡಿಮೆಯಿದ್ದರೆ ಅದು ಎಷ್ಟೋ ವೇಳೆ ಅಪೌಷ್ಟಿಕತೆಯ ಗುರುತು, ಸಂತೋಷಪಡುವ ಸಂಗತಿಯಲ್ಲ. 2005ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ 1,255 ಮಂದಿ ಸಕ್ಕರೆ ಕಾಯಿಲೆಯ ಡಯಾಲಿಸಿಸ್ ರೋಗಿಗಳಿದ್ದರು. ಮಾತ್ರೆ ನುಂಗಿದವರ ಕೊಲೆಸ್ಟರಾಲ್ ಇಳಿಯಿತು, ಹೃದಯದ ಅಪಾಯ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ.

1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ಅಭ್ಯಾಸದಿಂದ ಬೆಳಕಿಗೆ ಬಂದ ಸಿ.ಆರ್.ಪಿ. ಎಂಬ ಪ್ರೋಟೀನನ್ನೂ ಪರೀಕ್ಷಿಸಿದರು. ಅದು ಏರಿದವರಲ್ಲಿ ಸಾವು ಹೆಚ್ಚೆಂಬುದು ನಿಜ. ಆದರೆ ಅದು ಹೊಗೆಯನ್ನು ತೋರಿಸುತ್ತದೆ. ಬೆಂಕಿ ಯಾವ ಮನೆಯಲ್ಲೆಂದು ಹೇಳದು. 1988ರಲ್ಲಿ ಜಪಾನೀಯರು ಹಂದಿಯ ಮಿದುಳಿನಲ್ಲಿ ಕಂಡುಹಿಡಿದ ಬಿ.ಎನ್.ಪಿ.ಯ ಕಥೆ ಇನ್ನೂ ಸ್ವಾರಸ್ಯವಾದದ್ದು: ಹೆಸರಿನಲ್ಲಿ ಮಿದುಳು ಉಳಿಯಿತು, ಹುಟ್ಟುವುದು ಮುಖ್ಯವಾಗಿ ಹೃದಯದಲ್ಲೇ! ಮೈಯಲ್ಲಿ ನೀರು ತುಂಬಿದಾಗಲೂ ಅದು ಏರುತ್ತದೆ.

ಇನ್ನು ಟ್ರೊಪೊನಿನ್. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಪ್ರೋಟೀನಿದು. ಇದರಲ್ಲಿ 'ಟಿ' ಬಗೆಯನ್ನು ಅಳೆಯುವ ಪರೀಕ್ಷೆಯನ್ನು ಹೈಡಲ್‌ಬರ್ಗಿನ ಹ್ಯೂಗೊ ಕಾಟುಸ್ ಅವರ ತಂಡ 1989ರಲ್ಲಿ ಪ್ರಕಟಿಸಿತು. ಮೊದಲಿನ ಪರೀಕ್ಷೆ ಕೈಕಾಲುಗಳ ಸ್ನಾಯುವನ್ನೂ ಹೃದಯವೆಂದು ಭ್ರಮಿಸುತ್ತಿತ್ತು. ಅದನ್ನು ತಿದ್ದಿದ ಮೇಲೂ, ಎದೆನೋವೇ ಇಲ್ಲದ ಡಯಾಲಿಸಿಸ್ ರೋಗಿಗಳಲ್ಲಿ ಅಂಕಿ ಮೇಲೇ ಇತ್ತು. ಸುಳ್ಳು ಗಂಟೆ ಎಂದರು ಹಲವರು. 2002ರಲ್ಲಿ ಅಮೆರಿಕದ ಫ್ರೆಡ್ ಆಪಲ್ ಮತ್ತು ಸಂಗಡಿಗರು 733 ರೋಗಿಗಳ ಅಧ್ಯಯನವನ್ನು ಪ್ರಕಟಿಸಿ, ಅಂಕಿ ಹೆಚ್ಚಿದ್ದವರೇ ಹೆಚ್ಚಾಗಿ ತೀರಿಕೊಂಡರೆಂದು ತೋರಿಸಿದರು. ಗಂಟೆ ಸುಳ್ಳಾಗಿರಲಿಲ್ಲ, ಸದ್ದಿಲ್ಲದೆ ಹೃದಯ ಸವೆಯುತ್ತಿತ್ತು.

ಹಾಗೆಂದು ವರದಿ ಕಂಡೊಡನೆ ಮನೆಮಂದಿ ಎದೆಯೊಡೆದುಕೊಳ್ಳಬೇಕಿಲ್ಲ. ಎದೆನೋವು, ಉಸಿರುಗಟ್ಟುವಿಕೆ ಬಂದರೆ ಆಸ್ಪತ್ರೆಗೆ ತಡಮಾಡದೆ ಹೋಗಲೇಬೇಕು. ಅಲ್ಲಿ ವೈದ್ಯರು ಒಂದೇ ಅಂಕಿಯನ್ನು ನೋಡುವುದಿಲ್ಲ, ಕೆಲವು ಗಂಟೆಗಳಲ್ಲಿ ಮತ್ತೆ ರಕ್ತ ತೆಗೆದು ಏರಿಳಿತ ನೋಡುತ್ತಾರೆ. ಆಗ ರೋಗಿ ನೆಮ್ಮದಿಯಾಗಿದ್ದ ದಿನದ ಹಳೆಯ ವರದಿ ಬಹಳ ಉಪಯೋಗಕ್ಕೆ ಬರುತ್ತದೆ. ಹಿಂದಿನ ಟಿಪ್ಪಣಿಯಿಲ್ಲದ ಕಡತ ಅರ್ಥವಾಗದೆಂಬುದು ನಮ್ಮಂಥ ಗುಮಾಸ್ತರಿಗೆ ಗೊತ್ತೇ ಇದೆ! ರಜೆಗೆ ಊರಿಗೆ ಹೋಗಿ ಅಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಆ ಕಾಗದವನ್ನು ಜತೆಗೇ ಒಯ್ಯುವುದು ಮೇಲು. ಅದರಲ್ಲಿ ಅಳೆದದ್ದು ಟ್ರೊಪೊನಿನ್ 'ಟಿ'ಯೋ 'ಐ'ಯೋ ಎಂಬುದನ್ನೂ ನೋಡಿಟ್ಟುಕೊಳ್ಳಬೇಕು. ಎರಡರ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ.