ಎಣ್ಣೆ ಬದಲಿಸುವ ಲೆಕ್ಕ

ಕಳೆದ ಯುಗಾದಿಯ ದಿನ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿದ್ದಾಗ, ಹುಬ್ಬಳ್ಳಿಯಿಂದ ಬಂದು ಆರು ತಿಂಗಳೂ ಆಗಿರದ ಒಬ್ಬ ತರುಣ ನನ್ನನ್ನು ಕೇಳಿದ: "ಸರ್, ಇಲ್ಲಿ ಕಾರಿನ ಆಯಿಲ್ ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?" ನಾನು ಬಾಯಿ ತೆರೆಯುವ ಮೊದಲೇ ಸಾಲಿನ ಹಿಂದು ಮುಂದಿನಿಂದ ನಾಲ್ಕು ಉತ್ತರ ಬಂದವು. ನಮ್ಮ ಹಿರಿಯರೊಬ್ಬರು ಸಾವಿರ ಮೈಲಿ ಎಂದರು. ಇನ್ನೊಬ್ಬರು ಮೂರು ಸಾವಿರ ಮೈಲಿ ಎಂದರು. ಅವರ ಪಕ್ಕದಲ್ಲಿದ್ದವರು, "ಮೈಲಿ ಹೋಗಿ ಎಷ್ಟು ಕಾಲವಾಯಿತು ಸ್ವಾಮಿ, 5000 ಕಿಲೋಮೀಟರು" ಎಂದು ತಿದ್ದಿದರು. ಕಂಪ್ಯೂಟರ್ ಕೆಲಸದ ಮಿತ್ರರೊಬ್ಬರು, "ನನ್ನ ಕಾರೇ ಹೇಳುತ್ತದೆ, ನಾನು ಲೆಕ್ಕ ಇಡುವುದೇ ಇಲ್ಲ" ಎಂದು ನಕ್ಕರು. ಹೋಳಿಗೆ ಬಡಿಸುವವರೆಗೂ ವಾದ ಮುಗಿಯಲಿಲ್ಲ.

ಮನೆಗೆ ಬಂದು ಯೋಚಿಸಿದರೆ ಇವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬೊಬ್ಬರೂ ತಾವು ಕಾರು ಕಲಿತ ಕಾಲದ ಉತ್ತರ ಕೊಟ್ಟಿದ್ದರು, ಅಷ್ಟೆ. ಆ ಉತ್ತರಗಳು ಎಲ್ಲಿಂದ ಬಂದವು ಎಂದು ಬರೆಯೋಣವೆನ್ನಿಸಿತು. (ಎಣ್ಣೆ ಎಂದರೆ ಇಲ್ಲಿ ಕಾರಿನದು ಮಾತ್ರ. ಬೇರೆ ಎಣ್ಣೆಯ ವಿಷಯ ತಿಳಿದವರು ಬೇರೆ ಲೇಖನ ಕಳಿಸಲಿ.)

ಮೊಟ್ಟಮೊದಲ ಕಾರುಗಳಲ್ಲಿ ಆಯಿಲ್ ಬದಲಿಸುವ ಪ್ರಶ್ನೆಯೇ ಬಹುಮಟ್ಟಿಗೆ ಇರಲಿಲ್ಲ. ಎಣ್ಣೆ ತೊಟ್ಟಿಕ್ಕುತ್ತಾ ಒಳಗೆ ಹೋಗುತ್ತಿತ್ತು, ಸುಟ್ಟು ಹೊಗೆಯಾಗಿಯೋ ರಸ್ತೆಗೆ ಸೋರಿಯೋ ಹೊರಗೆ ಹೋಗುತ್ತಿತ್ತು. ನಮ್ಮ ಹಳ್ಳಿಯ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದ ಹಾಗೆ: ಒಣಗಿದರೆ ಇನ್ನಷ್ಟು ಹಾಕು. ನಮ್ಮ ನೈರೋಬಿ ರೈಲ್ವೆಯ ಡಿಪೋ ಆಗಿ ಹುಟ್ಟಿದ್ದು 1899ರಲ್ಲಿ. ಅದೇ ವರ್ಷ ಲಂಡನ್ನಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ ರೈಲು ಮತ್ತು ಭಾರೀ ಯಂತ್ರಗಳ ಎಣ್ಣೆಯ ವ್ಯಾಪಾರ ತೆರೆದ. 1909ರಲ್ಲಿ ಅವನ ಕಂಪನಿ ಮೋಟಾರಿಗೆಂದೇ ಒಂದು ಎಣ್ಣೆ ತಂದಿತು. ಅದರಲ್ಲಿ ಬೆರೆಸಿದ್ದು ಏನೆಂದು ಬಲ್ಲಿರಾ? ನಮ್ಮ ಅಜ್ಜಿಯರು ಮೂಗು ಹಿಡಿದು ಕುಡಿಸುತ್ತಿದ್ದ ಹರಳೆಣ್ಣೆ! ಇಂಗ್ಲಿಷಿನ ಕ್ಯಾಸ್ಟರ್ ಎಂಬ ಹೆಸರಿನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಾಯಿತು. ಹರಳೆಣ್ಣೆ ಬಿಸಿಗೆ ಹೆದರುವುದಿಲ್ಲ, ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತದೆ. ಮೊದಲ ಮಹಾಯುದ್ಧದ ವಿಮಾನಗಳೂ ಅದನ್ನು ಕುಡಿದೇ ಹಾರಿದವು. ಆದರೆ ಕಾಲ ಕಳೆದಂತೆ ಅದು ಗೋಂದಿನ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇಗ ಬೇಗ ಬಸಿದು ತೆಗೆಯಬೇಕು.

ಮುಂದೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಂತು, ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುವ ವ್ಯವಸ್ಥೆ ಬಂದಿತು. ಆಗಲೇ ಕೊಳೆಯ ಪ್ರಶ್ನೆಯೂ ಹುಟ್ಟಿತು. ಫಿಲ್ಟರಿಲ್ಲದ ಎಂಜಿನ್ನಿನಲ್ಲಿ ಒಳಗೆ ಹೋದ ಧೂಳು ಒಳಗೇ ಸುತ್ತುತ್ತದೆ. ನಮ್ಮ ಹಿರಿಯರ ಸಾವಿರ ಮೈಲಿ ಆ ಕಾಲದ್ದು. 1923ರ ಸುಮಾರಿಗೆ ಅಮೆರಿಕದಲ್ಲಿ ಪ್ಯೂರೊಲೇಟರ್ ಎಂಬ ಆಯಿಲ್ ಫಿಲ್ಟರ್ ಬಂತು. 1930ರ ದಶಕದಲ್ಲಿ ಡೀಸೆಲ್ ಟ್ರ್ಯಾಕ್ಟರುಗಳ ಪಿಸ್ಟನ್ ರಿಂಗುಗಳು ಮಸಿಯಿಂದ ಅಂಟಿಕೊಳ್ಳತೊಡಗಿದಾಗ ಎಣ್ಣೆಗೆ ಸಾಬೂನಿನಂಥ ವಸ್ತು ಸೇರಿಸುವುದನ್ನು ಕಲಿತರು. ಬಟ್ಟೆ ಒಗೆದ ನೀರು ಕಪ್ಪಾದರೆ ಬಟ್ಟೆ ಶುಚಿಯಾಯಿತೆಂದು ಅರ್ಥವಲ್ಲವೇ? ಹಾಗೆಯೇ, ಆಯಿಲ್ ಬೇಗ ಕಪ್ಪಾಯಿತೆಂದು ಗಾಬರಿಯಾಗಬೇಕಿಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮಲ್ಲಿ ಕೆಲವರು ನಂಬುವುದಿಲ್ಲ.

ಈ ಎರಡು ಬದಲಾವಣೆಗಳಿಂದ ಸಾವಿರ ಹೋಗಿ ಮೂರು ಸಾವಿರ ಮೈಲಿ ಬಂತು. ಫಿಲ್ಟರೇ ಇಲ್ಲದೆ ಬರೀ ಜಾಲರಿ ಇದ್ದ ಫೋಕ್ಸ್‌ವ್ಯಾಗನ್ ಬೀಟ್ಲ್ ಕಾರಿಗೂ, ಅದರ ಹೊಟ್ಟೆಯಲ್ಲಿ ಹಿಡಿಯುವ ಎರಡೂವರೆ ಲೀಟರಿಗೂ, ಲೆಕ್ಕ ಅದೇ. ಕೀನ್ಯಾದಲ್ಲಿ ಮೈಲಿ ಕಲ್ಲುಗಳು ಕಿಲೋಮೀಟರಿಗೆ ತಿರುಗಿದಾಗ ಮೂರು ಸಾವಿರ ಮೈಲಿ ತಾನಾಗಿಯೇ 5000 ಕಿ.ಮೀ. ಆಯಿತು. ಊಟದ ಸಾಲಿನಲ್ಲಿ ಕಿತ್ತಾಡಿದ ಇಬ್ಬರು ಮಹನೀಯರು ಹೇಳಿದ್ದು ಒಂದೇ ಮಾತು!

ಈ ಮೂರು ಸಾವಿರ ಮೈಲಿಗೂ ನಮ್ಮ ಊರಿಗೂ ಇನ್ನೊಂದು ನಂಟಿದೆ. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ನೆನಪಿಗೆ ಆರಂಭವಾದ ಸಫಾರಿ ರ‍್ಯಾಲಿ ಮುಂದೆ ಈಸ್ಟರ್ ರಜೆಯಲ್ಲಿ ನಡೆಯುತ್ತಿತ್ತು. 1960ರ ದಶಕದಲ್ಲಿ ಅದರ ದಾರಿ ಸುಮಾರು ಮೂರು ಸಾವಿರ ಮೈಲಿ. ಎಂದರೆ ನಾವು ನೀವು ಆರು ತಿಂಗಳಲ್ಲಿ ಓಡಿಸುವುದನ್ನು ಅವರು ನಾಲ್ಕೈದು ದಿನದಲ್ಲಿ, ಕೆಂಪು ಧೂಳಿನಲ್ಲೂ ಕೆಸರಿನಲ್ಲೂ ಓಡಿಸಿದರು. 1963ರಲ್ಲಿ ಮತ್ತು 1968ರಲ್ಲಿ ಕೊನೆ ಮುಟ್ಟಿದ್ದು ತಲಾ ಏಳೇ ಕಾರು. 1965ರಲ್ಲಿ ಗೆದ್ದ ಜೋಗಿಂದರ್ ಸಿಂಗ್ ಸ್ವತಃ ಮೆಕ್ಯಾನಿಕ್, ತಮ್ಮ ಜಸ್ವಂತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದ್ದು ಹಳೆಯದೊಂದು ವೋಲ್ವೋ. 1974 ಮತ್ತು 1976ರಲ್ಲೂ ಅವರೇ ಗೆದ್ದರು. ಶೇಖರ್ ಮೆಹ್ತಾ 1973ರಲ್ಲಿ ಒಮ್ಮೆ, 1979ರಿಂದ 1982ರವರೆಗೆ ಸತತ ನಾಲ್ಕು ಬಾರಿ. ನೈರೋಬಿಯ ಕಾರು ಮಾರುವವರು ಇಂದಿಗೂ ಪ್ಯೂಜೋ ಗಟ್ಟಿ, ಡಾಟ್ಸನ್ ಗಟ್ಟಿ ಎಂದು ಹೇಳುವ ಮಾತಿನ ಹಿಂದೆ ಆ ಈಸ್ಟರುಗಳ ಧೂಳಿದೆ.

ಆ ಮಾತು ನಂಬಿಯೇ ನಾನು ತೊಂಬತ್ತರ ದಶಕದಲ್ಲಿ ಮೊಂಬಾಸಾದಲ್ಲಿ ಜೋಡಿಸಿದ ಒಂದು ಹಳೆಯ ಪ್ಯೂಜೋ 504 ಕೊಂಡೆ. "ಆಯಿಲ್ ಈಗ ತಾನೇ ಬದಲಿಸಿದೆ" ಎಂದು ಮಾರಿದವರು ಹೇಳಿದರು. ಕಡ್ಡಿ ಎಳೆದು ನೋಡಿದೆ, ಮಟ್ಟ ಸರಿಯಾಗಿತ್ತು, ಅಷ್ಟಕ್ಕೇ ಸುಮ್ಮನಾದೆ. ಎರಡು ತಿಂಗಳ ಮೇಲೆ ಹೆಂಡತಿ ಮಕ್ಕಳೊಡನೆ ಮೊಂಬಾಸಾಕ್ಕೆ ಹೊರಟಾಗ ಮ್ಟಿಟೊ ಆಂಡೇ ದಾಟುವ ಮೊದಲೇ ಎಂಜಿನ್ನಿನಿಂದ ಟಕ ಟಕ ಸದ್ದು, ಆಮೇಲೆ ಮೌನ. ಸಂಜೆಯಾಗುತ್ತಿತ್ತು, ಎರಡೂ ಕಡೆ ತ್ಸಾವೋ ಕಾಡು, ಚಿಕ್ಕವಳಿಗೆ ಜ್ವರ. ಒಬ್ಬ ಲಾರಿ ಚಾಲಕ ನಿಲ್ಲಿಸಿ ಎಳೆದುಕೊಂಡು ಹೋಗದಿದ್ದರೆ ಏನಾಗುತ್ತಿತ್ತೋ. ನೈರೋಬಿಯ ಫುಂಡಿ ಎಂಜಿನ್ ಬಿಚ್ಚಿ ನನ್ನನ್ನು ಕರೆದು ತೋರಿಸಿದ: ಒಳಗಿದ್ದುದು ಎಣ್ಣೆಯಲ್ಲ, ರಾಗಿ ಅಂಬಲಿಯಷ್ಟು ಗಟ್ಟಿ ಕಪ್ಪು ಕೆಸರು. ವರ್ಷಗಟ್ಟಲೆ ಬದಲಿಸದೆ ಮೇಲಿಂದ ಮೇಲೆ ತುಂಬಿಸುತ್ತಾ ಬಂದಿದ್ದರು. ಡಿಸೆಂಬರಿನಲ್ಲಿ ಊರಿಗೆ ಹೋಗಲು ಕೂಡಿಟ್ಟ ಟಿಕೆಟ್ಟಿನ ಹಣ ಆ ಎಂಜಿನ್ನಿಗೆ ಹೋಯಿತು. ನನ್ನ ತಾಯಿ ಮೊಮ್ಮಗಳನ್ನು ನೋಡಿದ್ದು ಮರು ವರ್ಷ.

ಅದಾದ ಮೇಲೆ ನಾನು 2000 ಕಿ.ಮೀ.ಗೊಮ್ಮೆ ಬದಲಿಸತೊಡಗಿದೆ. ಅದು ಇನ್ನೊಂದು ಬಗೆಯ ಮೂರ್ಖತನ. 1996ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ನ್ಯೂಯಾರ್ಕಿನ 75 ಟ್ಯಾಕ್ಸಿಗಳ ಮೇಲೆ ಪರೀಕ್ಷೆ ನಡೆಸಿ ಪ್ರಕಟಿಸಿತು. ಮೂರು ಸಾವಿರ ಮೈಲಿಗೆ ಬದಲಿಸಿದ ಎಂಜಿನ್ನುಗಳನ್ನೂ ಆರು ಸಾವಿರಕ್ಕೆ ಬದಲಿಸಿದವನ್ನೂ ಬಿಚ್ಚಿ ಅಳೆದರೆ ಸವೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲೇ, ಎಪ್ಪತ್ತರ ದಶಕದಲ್ಲಿ, ಮೊಬಿಲ್ 1 ಎಂಬ ಸಿಂಥೆಟಿಕ್ ಎಣ್ಣೆ 25,000 ಮೈಲಿ ಬಾಳುತ್ತದೆಂದು ಜಾಹೀರಾತು ಕೊಟ್ಟಿತ್ತು.

ಹಾಗಾದರೆ ಆರು ಸಾವಿರ ಮೈಲಿ, ಎಂದರೆ ಹತ್ತು ಸಾವಿರ ಕಿಲೋಮೀಟರು ಎನ್ನೋಣವೇ? ತಡೆಯಿರಿ. ಆ ಟ್ಯಾಕ್ಸಿಗಳ ಎಂಜಿನ್ ದಿನವಿಡೀ ಆರುವುದೇ ಇಲ್ಲ. ಎಣ್ಣೆ ಸದಾ ಬಿಸಿಯಾಗಿದ್ದರೆ ಅದರೊಳಗಿನ ನೀರು, ಪೆಟ್ರೋಲು ಆವಿಯಾಗಿ ಹೋಗುತ್ತವೆ. ನಮ್ಮ ಪಾರ್ಕ್‌ಲ್ಯಾಂಡ್ಸಿನ ಮನೆಯಿಂದ ಮಕ್ಕಳ ಶಾಲೆಗೆ ಮೂರು ಕಿಲೋಮೀಟರು, ಅಲ್ಲಿಂದ ಅಂಗಡಿಗೆ ಎರಡು. ಜುಲೈ ತಿಂಗಳ ಚಳಿ ಬೆಳಗಿನಲ್ಲಿ ಎಣ್ಣೆ ಬಿಸಿಯಾಗುವ ಮೊದಲೇ ಕಾರು ನಿಂತಿರುತ್ತದೆ. ನೈರೋಬಿ ಸಮುದ್ರ ಮಟ್ಟದಿಂದ ಸುಮಾರು 1700 ಮೀಟರು ಎತ್ತರದಲ್ಲಿದೆ. ಗಾಳಿ ತೆಳು. ಕೆಳಗಿನ ಊರಿಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತಿತ್ತು, ಉರಿಯದೆ ಉಳಿದದ್ದು ಎಣ್ಣೆಗೆ ಇಳಿದು ಅದನ್ನು ನೀರು ಮಾಡುತ್ತಿತ್ತು. ಹಳೆಯ ಫುಂಡಿಗಳು ಡಿಪ್‌ಸ್ಟಿಕ್ ಮೂಸಿ ನೋಡುತ್ತಿದ್ದುದು ಸುಮ್ಮನೆ ಅಲ್ಲ. ಇಂದಿನ ಇಂಜೆಕ್ಷನ್ ಎಂಜಿನ್ನುಗಳು ಎತ್ತರವನ್ನು ತಾವೇ ಅರಿತು ಸರಿಪಡಿಸಿಕೊಳ್ಳುತ್ತವೆ. 2006ರ ಹೊತ್ತಿಗೆ ಇಲ್ಲಿ ಸೀಸದ ಪೆಟ್ರೋಲು ಹೋಯಿತು, 2015ರಲ್ಲಿ ಪೂರ್ವ ಆಫ್ರಿಕಾಕ್ಕೆ ಗಂಧಕ ಕಡಿಮೆಯಿರುವ ಡೀಸೆಲ್ ಬಂತು. ಎಣ್ಣೆಯನ್ನು ಹುಳಿ ಮಾಡುವ ಎರಡು ಶತ್ರುಗಳು ಕಡಿಮೆಯಾದವು. ಉಳಿದದ್ದು ಧೂಳು, ಜಾಮು, ಸಣ್ಣ ಓಡಾಟ.

ಟೊಯೋಟಾದಂಥ ಕಂಪನಿಗಳ ಪುಸ್ತಕ ತೆಗೆದು ನೋಡಿ. ಸಾಮಾನ್ಯ ಬಳಕೆಗೆ ಹತ್ತು ಸಾವಿರ ಕಿ.ಮೀ. ಎಂದಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಕಠಿಣ ಬಳಕೆಗೆ ಅದರ ಅರ್ಧ ಎಂದಿರುತ್ತದೆ. ಕಠಿಣ ಎಂದರೆ ಏನು? ಧೂಳಿನ ರಸ್ತೆ, ಸಣ್ಣ ದೂರ, ನಿಂತಲ್ಲೇ ಉರಿಯುವ ಎಂಜಿನ್, ಬೆಟ್ಟದ ಏರು. ಲಿಮುರು ಏರಿ ರಿಫ್ಟ್ ಕಣಿವೆಗೆ ಇಳಿದು ನೈವಾಶಾಕ್ಕೆ ಪಿಕ್ನಿಕ್ ಹೋಗುವ ನಮ್ಮಲ್ಲಿ ಸಾಮಾನ್ಯ ಬಳಕೆಯವರು ಯಾರಿದ್ದಾರೆ? ಆದ್ದರಿಂದ ನನ್ನ ಮತ 5000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಒಳ್ಳೆಯ ಸಿಂಥೆಟಿಕ್ ಹಾಕಿ ಹೆದ್ದಾರಿಯಲ್ಲೇ ಹೆಚ್ಚು ಓಡಿಸುವವರು ಏಳೆಂಟು ಸಾವಿರದವರೆಗೆ ಹೋಗಬಹುದು. ಡಬ್ಬಿಯ ಸೀಲು ಮಾತ್ರ ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಡಬ್ಬಿಗೆ ಹಳೆಯ ಎಣ್ಣೆ ಸೋಸಿ ತುಂಬುವ ಜಾಣರು ಎಲ್ಲೆಡೆ ಇದ್ದಾರೆ. ಬಸಿದ ಎಣ್ಣೆಯನ್ನು ಚರಂಡಿಗೆ ಬಿಡಗೊಡಬೇಡಿ, ಅದು ನೇರವಾಗಿ ನೈರೋಬಿ ನದಿಗೆ ಹೋಗುತ್ತದೆ.

ಮರು ಭಾನುವಾರ ಆ ತರುಣನ ಕಾರು ನೋಡಲು ಹೋದೆ. ಜಪಾನಿನಿಂದ ಬಂದದ್ದು, ಎಂಟು ವರ್ಷದೊಳಗಿನದು, ಇಲ್ಲಿಯ ನಿಯಮದಂತೆ. ಅಲ್ಲಿಯ ಗ್ಯಾರೇಜಿನವರು ಆಯಿಲ್ ಬದಲಿಸಿದಾಗ ಬಾಗಿಲಿನ ಸಂದಿಯಲ್ಲಿ ಚೀಟಿ ಅಂಟಿಸುತ್ತಾರೆ. ಅದಿನ್ನೂ ಹಾಗೇ ಇತ್ತು. ಅಕ್ಷರ ಅರ್ಥವಾಗದಿದ್ದರೂ ಅಂಕಿ ಓದಬಹುದು. ವರ್ಷ 5 ಎಂದಿತ್ತು. ಈಗಿನ ಚಕ್ರವರ್ತಿಯ ರೇವಾ ಶಕೆಯ ಐದನೆಯ ವರ್ಷ, ಎಂದರೆ 2023. ಮುಂದಿನ ಬದಲಾವಣೆ 98,000 ಕಿಲೋಮೀಟರಿಗೆ ಎಂದಿತ್ತು. ಆಮೇಲೆ ಇಬ್ಬರೂ ಒಳಗೆ ಕೂತು ಕೀಲಿ ತಿರುಗಿಸಿ ಮೀಟರು ನೋಡಿದೆವು. 61,400.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಅಂದೇ ಮಧ್ಯಾಹ್ನ ಹಳೆಯ ಎಣ್ಣೆ ಬಸಿದು ಹೊಸದು ಹಾಕಿಸಿ, ಆ ಚೀಟಿಯ ಪಕ್ಕದಲ್ಲೇ ಕನ್ನಡದಲ್ಲಿ ತಾರೀಖು ಬರೆದು ಅಂಟಿಸಿದೆವು. ಕಿಲೋಮೀಟರಿನ ಜಾಗ ಖಾಲಿ ಬಿಟ್ಟೆವು.